ನಾನು ಬರೆದ ಅಂಕಿ

ಕುತೈಸಿಯ ಮಕ್ಕಳ ಆಸ್ಪತ್ರೆಯಲ್ಲಿ ನನ್ನದು ಎರಡನೇ ಮಹಡಿ.
ಮೇಜಿನ ಮೇಲೆ ಕೆಂಪು ಬಿಳಿ ಘನಗಳು ಒಂಬತ್ತು,
ಚಿತ್ರಗಳ ಒಂದು ಕಟ್ಟು, ಒಂದು ಸ್ಟಾಪ್‌ವಾಚ್.
ಇಷ್ಟೇ ಸಾಮಾನು ಇಟ್ಟುಕೊಂಡು
ಹದಿನೆಂಟು ವರ್ಷ ಮಕ್ಕಳ ಬುದ್ಧಿ ಅಳೆದೆ,
ಸಂತೆಯಲ್ಲಿ ಕಾಳು ಅಳೆದ ಹಾಗೆ,
ಸೇರಿನ ಬಾಯಿ ಸವರಿ.

ಉಚಾನನ್ನು ಕರೆತಂದವಳು ಅಜ್ಜಿ ಲಾಮಾರಾ.
ಆರು ವರ್ಷ. ಮಾತಿಲ್ಲ.
ಅವಳ ಕೋಟಿನ ಮೂರನೇ ಗುಂಡಿಯನ್ನು
ಬಿಡದೆ ಹಿಡಿದಿದ್ದ.
ಘನಗಳನ್ನು ಮುಟ್ಟಲಿಲ್ಲ.
ಸ್ಟಾಪ್‌ವಾಚ್ ಎತ್ತಿ ಕಿವಿಗಿಟ್ಟುಕೊಂಡ.
ನಾನು ಕಿತ್ತುಕೊಂಡೆ. ಅದು ನನಗೆ ಬೇಕಿತ್ತು,
ಅವನ ಮೌನ ಎಷ್ಟು ಸೆಕೆಂಡಿನದು ಎಂದು ತಿಳಿಯಲು.

ಹಿಡಿಕೆಯಿಲ್ಲದ ಬಾಗಿಲಿನ ಚಿತ್ರ ತೋರಿಸಿ ಕೇಳಿದೆ:
ಇದರಲ್ಲಿ ಏನು ಇಲ್ಲ?
ಅವನು ಚಾವಣಿ ನೋಡಿದ.
ಇನ್ನೊಮ್ಮೆ ಕೇಳಿದೆ, ಗಟ್ಟಿಯಾಗಿ,
ಕಿವುಡರನ್ನು ಕೂಗುವಂತೆ.
ಚಾವಣಿಯನ್ನೇ ನೋಡಿದ.
ಕಾಗದದಲ್ಲಿ ಬರೆದೆ: ನಲವತ್ತೊಂದು.
ಅಡಿಯಲ್ಲಿ ಸಹಿ, ದುಂಡನೆಯ ಮೊಹರು.
ಶಾಲೆಯವರಿಗೆ ಅಷ್ಟು ಸಾಕಾಯಿತು.

ಲಾಮಾರಾ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಕೇಳಿದಳು:
'ನಾನು ಅತ್ತರೆ ಬಂದು ದೀಪ ಆರಿಸಿ ಪಕ್ಕದಲ್ಲಿ ಕೂರುತ್ತಾನೆ.
ಅದಕ್ಕೆ ನಿಮ್ಮಲ್ಲಿ ಎಷ್ಟು ಅಂಕ?'
ನನ್ನ ಪುಸ್ತಕದಲ್ಲಿ ಅದಕ್ಕೊಂದು ಕಲಂ ಇರಲಿಲ್ಲ.

ಆಮೇಲೆ ಗಾಳಿ ತಿರುಗಿತು. ಟೀವಿಯಲ್ಲಿ ಯಾವುದೋ ಮಗು
ತಾರೀಖು ಹೇಳಿದರೆ ವಾರ ಹೇಳುತ್ತಿತ್ತು.
ಓಣಿಯವರೆಲ್ಲ ಲಾಮಾರಾಳ ಬಾಗಿಲಿಗೆ:
ನಿಮ್ಮವನದೇನು? ಪಿಯಾನೋವೇ? ಲೆಕ್ಕವೇ?
ತುಂಬಿದ ಕೊಡ ಕಣಮ್ಮ, ಅದಕ್ಕೇ ತುಳುಕುವುದಿಲ್ಲ.
ಒಬ್ಬ ಚದುರಂಗದ ಹಲಗೆಯನ್ನೇ ತಂದುಕೊಟ್ಟ.
ಉಚಾ ಕುದುರೆಗಳನ್ನು ಮಾತ್ರ ಆರಿಸಿಕೊಂಡು
ಮಿಕ್ಕವನ್ನು ಒಲೆಗೆ ಹಾಕಿದ.
ಬರಿದು ಎಂದಿದ್ದೆ ನಾನು, ತುಂಬಿದೆ ಎಂದರು ಅವರು;
ಹುಡುಗನನ್ನು ಕೊಡ ಮಾಡಿದ್ದು ಇಬ್ಬರೂ.

ಮೊನ್ನೆ ಬಂದಿದ್ದ. ಹದಿನಾಲ್ಕು. ತುಟಿಯ ಮೇಲೆ ಮಸಿಗೆರೆ.
ಕೊರಳಿಗೆ ತೂಗಿದ ಹಲಗೆ, ಮೂವತ್ತಮೂರು ಅಕ್ಷರ.
ಅಜ್ಜಿ ದೂರ, ಕಿಟಕಿಯ ಬಳಿ, ಬಿಸಿ ಶೋತಿ ರೊಟ್ಟಿ ಮುರಿಯುತ್ತ.
ಯಾರೂ ಅವನ ಕೈ ಹಿಡಿದಿರಲಿಲ್ಲ.
ಒಂದೊಂದೇ ಅಕ್ಷರ, ನಡುವೆ ಎದ್ದು ಎರಡು ಸುತ್ತು ನಡೆದು,
ಮತ್ತೆ ಕೂತು, ಬೆರಳಿಟ್ಟ:
'ಹಿಡಿಕೆ.'
ಯಾವ ಹಿಡಿಕೆ ಎಂದು ನನಗೆ ಹೊಳೆಯಲು
ಅವನಿಗಿಂತ ಹೆಚ್ಚು ಹೊತ್ತು ಬೇಕಾಯಿತು.
'ಟ್ಯೂಬ್‌ಲೈಟು ಕಿರುಚುತ್ತಿತ್ತು. ನೀನೂ.'

ಎದ್ದು ದೀಪ ಆರಿಸಿದೆ,
ಎಂಟು ವರ್ಷ ತಡವಾಗಿ.

ಇದನ್ನು ಪವಾಡ ಎನ್ನಬೇಡಿ.
ಅದೇ ದಿನ ಏಳೆಂಟ್ಲ ಎಷ್ಟೆಂದರೆ ಐವತ್ತನಾಲ್ಕು ಎಂದ,
ತಪ್ಪೆಂದಿದ್ದಕ್ಕೆ ಮುಖ ಊದಿಸಿ ಹಲಗೆ ಮಗುಚಿಟ್ಟ.
ಷೂ ಲೇಸು ಕಟ್ಟಲು ಬರುವುದಿಲ್ಲ, ಬಹುಶಃ ಎಂದೂ.
ರಿಯೋನಿ ನದಿ ಕಂಡರೆ ರಸ್ತೆ ಮರೆಯುತ್ತಾನೆ.

ಹೊರಗಿನ ಬೆಂಚಿನಲ್ಲಿ ದರಿಕೋ, ಒಂಬತ್ತು ವರ್ಷ.
ಅವಳಿಗೆ ಹಲಗೆಯೂ ಒದಗಿಲ್ಲ.
ಅವಳಿಗೆ ನಾನು ಕೊಟ್ಟ ಅಂಕಿ ಸರಿಯೇ ಇದ್ದೀತು.
ಸರಿಯಿದ್ದರೂ ಅದು ಅವಳ ಹೆಸರಲ್ಲ.
ದೀಪ ಆರಿದ ಕೋಣೆಗೆ ಕರೆದೆ.
ಘನಗಳು ಡಬ್ಬದಲ್ಲೇ ಉಳಿದವು.
ಸ್ಟಾಪ್‌ವಾಚ್ ಎತ್ತಿಕೊಂಡಳು, ಕಿವಿಗಿಟ್ಟುಕೊಂಡಳು.
ನಾನು ಕಾದೆ.
ಎಷ್ಟು ಹೊತ್ತು ಎಂದು ಹೇಳಲಾರೆ,
ಗಡಿಯಾರ ಅವಳ ಹತ್ತಿರ ಇತ್ತು.