ಬಿಸಿಲ ಅಳತೆ

ಸರಪಳಿಗೆ ಮೂವತ್ತಮೂರಡಿ, ಹದಿನಾರು ಆಣೆ.
ಕಬ್ಬಿಣ ಸುಳ್ಳಾಡುವುದಿಲ್ಲ ಎನ್ನುತ್ತಿದ್ದ
ಮೋಜಣಿಯ ದ್ಯಾವಪ್ಪ.

ಬಾಣಾವರದಾಚೆ, ಏಪ್ರಿಲ್ ಮಧ್ಯಾಹ್ನ,
ಬೆಳಿಗ್ಗೆ ಅಳೆದ ಅದೇ ಹೊಲ
ಒಂದು ಬೆರಳು ಕಿರಿದಾಯಿತು.
ಕಬ್ಬಿಣವೂ ಹಿಗ್ಗುತ್ತದೆ,
ಹೊಗಳಿದರೆ ನಾನು ಹಿಗ್ಗುವ ಹಾಗೆ.

ಆ ಬೆರಳಿಗಾಗಿ ಅಣ್ಣ ತಮ್ಮ
ಹನ್ನೆರಡು ವರ್ಷ ಮಾತು ಬಿಟ್ಟಿದ್ದರು.
ಬಾಂದುಕಲ್ಲು ಮಿಡುಕಿಸಿದೆವು:
ಅಡಿಯಲ್ಲಿ ಇರುವೆಗಳು, ಮೊಟ್ಟೆ ಹೊತ್ತು
ನಲವತ್ತೊಂದನೇ ನಂಬರಿನಿಂದ
ನಲವತ್ತೆರಡಕ್ಕೆ
ಓಡುತ್ತಿದ್ದವು.

‘ಹಂಗಾರೆ ನಿಜ ಯಾವುದು?’
ತಮ್ಮ ಕೇಳಿದ. ಅಣ್ಣ ಮೊದಲ ಸಲ
ಅವನತ್ತ ತಿರುಗಿದ.

ದ್ಯಾವಪ್ಪ ಸರಪಳಿಯನ್ನು
ಹೊಂಗೆ ನೆರಳಿಗೆ ಎಳೆದ.
‘ತಣ್ಣಗಾಗಲಿ. ಅದೂ, ನೀವೂ.’

ಆಮೇಲೆ, ಪುಸ್ತಕದಲ್ಲಿ ಕಾಲಂ ಇಲ್ಲದ್ದಕ್ಕೆ,
ಅಂಚಿನಲ್ಲಿ, ಪೆನ್ಸಿಲಿನಲ್ಲಿ, ಸಣ್ಣಗೆ ಬರೆದ:
ಎರಡೂವರೆ ಗಂಟೆ. ಬಿಸಿಲು.