ಅದು, ಅವು

ಹಾಸನದ ಕೋಲ್ಡ್ ಸ್ಟೋರೇಜಿನಲ್ಲಿ ನನಗೆ ರಾತ್ರಿ ಪಾಳಿ.
ಗಂಟೆಗೊಮ್ಮೆ ಮಾಪಕ ನೋಡಿ ಪುಸ್ತಕದಲ್ಲಿ ಬರೆಯಬೇಕು:
ನಾಲ್ಕು ಡಿಗ್ರಿ. ನಾಲ್ಕು. ನಾಲ್ಕು. ನಾಲ್ಕೂಕಾಲು.
ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ನನ್ನ ಕತೆ.
ಅದರಲ್ಲಿ ಮನುಷ್ಯರಿಲ್ಲ.

ಹಡಗು ಹೊರಟದ್ದು ಜಲಂಧರದಿಂದ.
ಹದಿನಾರು ಚಕ್ರದ ಹಡಗು. ಒಳಗೆ
ಐವತ್ತು ಕೇಜಿ ಗೋಣಿಗಳಲ್ಲಿ ಪ್ರಯಾಣಿಕರು,
ಮೈತುಂಬ ಕಣ್ಣು, ಒಂದೂ ತೆರೆದಿಲ್ಲ.
ಚಳಿನಿದ್ದೆ. ಎಷ್ಟು ಊರೋ, ಎಷ್ಟು ಟೋಲ್ ಗೇಟೋ.
ಇಳಿಯುವ ಗ್ರಹದ ಮಣ್ಣು ಕೆಂಪಂತೆ,
ಅಲ್ಲಿ ಮಳೆ ಎರಡು ಸಲವಂತೆ.
ಗೋಣಿ ಹೊಲಿದ ಮೇಲೆ ಸುದ್ದಿ ಹೇಳಿದವರಾರು?
ಕತೆಯಲ್ಲಿ ಅಷ್ಟು ಸಲಿಗೆ ಇರಬೇಕಪ್ಪ.

ವೇಬ್ರಿಡ್ಜಿನ ಜಬೀನಾ
ತೂಕದ ಚೀಟಿಯ ಕೆಂಪು ಪೆನ್ನು ಹಿಡಿದೇ ಓದಿದಳು.
‘ಎದ್ದರು’ ಎಂದಿದ್ದೆ, ‘ಎದ್ದವು’ ಎಂದು ತಿದ್ದಿದಳು.
‘ನಾಯಕ ನಿಟ್ಟುಸಿರಿಟ್ಟ’ ಎಂಬಲ್ಲಿ ಉದ್ದ ಗೀಟು.
“ಇದು ಆಲೂಗಡ್ಡೆಯಲ್ಲ ಕಣ್ರೀ ದ್ಯಾವಯ್ಯ,
ಸಿಪ್ಪೆ ಹೊದ್ದ ನಮ್ಮ ಮೇಸ್ತ್ರಿ ಸಿದ್ಲಿಂಗು.
ಅದೇ ಕೆಮ್ಮು, ಅದೇ ಮುಂಗೋಪ.
ಮನುಷ್ಯರು ಬೇಡ ಅಂದ್ರೆ ಪೂರ್ತಿ ಬೇಡ.
ಬೇಕು ಅಂದ್ರೆ ಒಳಕ್ಕೆ ಕರೀರಿ,
ಹೀಗೆ ಬಾಗ್ಲಲ್ಲಿ ನಿಲ್ಲಿಸ್ಬೇಡಿ.”

ಮತ್ತೆ ಬರೆದೆ. ಕೆಮ್ಮು ತೆಗೆದೆ, ಹೆಸರು ತೆಗೆದೆ.
ತಾಯಿಯ ನೆನಪು ತೆಗೆದೆ. ಅದು ನನ್ನಮ್ಮನದೇ ಆಗಿತ್ತು,
ಸೌದೆ ಡಿಪೋ ಹಿಂದಿನ ಮನೆ, ಸೀಮೆಎಣ್ಣೆ ವಾಸನೆ ಸಮೇತ.
ಉಳಿದದ್ದು ಪಿಷ್ಟ, ನೀರು, ಕತ್ತಲು.
ಎರಡೂವರೆ ಪುಟ.
“ಈಗ ಸರಿಯಾಗಿದೆ,” ಅಂದಳು ಜಬೀನಾ,
“ಆದ್ರೆ ಯಾರು ಓದ್ತಾರೆ ಇದನ್ನ?”

ನನಗೆ ಸಿಟ್ಟು ಬಂತು.
ಸಾಲಗಾಮೆ ರಸ್ತೆಯ ದೊಡ್ಡ ತಟ್ಟೆಗಳನ್ನು ತೋರಿಸಿದೆ:
ಮೇಲೆ ಸುತ್ತುವುದಕ್ಕೆ ಮುಖವಿದೆಯಾ, ಮನೆತನವಿದೆಯಾ?
ಆದರೂ ಅದು ಏನೆಂದೀತೋ ಅಂತ
ರಾತ್ರಿಯಿಡೀ ಎದ್ದು ಕೂತವರಿಲ್ಲವಾ?
“ಅವ್ರಿಗೆ ಸಂಬಳ ಇದೆ,” ಅಂದಳು.

ಆಷಾಢದಲ್ಲಿ, ಬಿತ್ತನೆಯದೆಲ್ಲ ಹೋಗಿ ಸ್ಟೋರು ಖಾಲಿಯಾದಾಗ
ಮುಂಗೋಣೆಯ ಮುರುಕು ಕ್ರೇಟು ಸರಿಸಿದೆವು.
ಗೋಡೆಗೂ ಪೈಪಿಗೂ ನಡುವೆ ಒಂದು ಉಳಿದುಬಿಟ್ಟಿತ್ತು,
ಸುಕ್ಕುಸುಕ್ಕು, ಅಜ್ಜಿಯ ಮೊಣಕೈ ಹಾಗೆ.
ಬೇಡ, ಆ ಹೋಲಿಕೆ ಬೇಡ. ಸುಕ್ಕಾಗಿತ್ತು, ಅಷ್ಟೆ.
ಅದರಿಂದ ಒಂದು ಮೊಳಕೆ ಹೊರಟಿತ್ತು.
ಎಲೆಯಿಲ್ಲ, ಹಸಿರಿಲ್ಲ, ಬಿಳಿ ದಾರ,
ಸಿಮೆಂಟಿನ ಮೇಲೆ ತೆವಳಿ, ಕ್ರೇಟಿನ ಮೊಳೆ ಬಳಸಿ,
ಒಂದೆಡೆ ಹಿಂದಕ್ಕೆ ತಿರುಗಿ, ಮತ್ತೆ ಮುಂದಕ್ಕೆ,
ಬಾಗಿಲ ಕೆಳಗಿನ ಬೆರಳಗಲ ಬೆಳಕಿನ ಕಡೆಗೆ.
ಮುಟ್ಟಿರಲಿಲ್ಲ.

ಜಬೀನಾ ಕುಕ್ಕುರುಗಾಲಲ್ಲಿ ಕೂತು
ಗೇಣಿಟ್ಟು ಅಳೆದಳು, ಮುರಿಯದ ಹಾಗೆ, ಗಾಳಿಯಲ್ಲೇ.
ಒಂದು. ಎರಡು. ತಿರುಗಿದ ಕಡೆ ತಾನೂ ತಿರುಗಿ ಮೂರು.
ಐದು ಗೇಣು, ಮೇಲೆ ನಾಲ್ಕು ಬೆರಳು.
ಆಸೆಪಟ್ಟಿದೆ ಅನ್ನಲಿಲ್ಲ. ಪಾಪ ಅನ್ನಲಿಲ್ಲ.
ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಅದನ್ನೇ ನೋಡುತ್ತ
“ಆಮೇಲೆ?” ಅಂದಳು.

ಆಮೇಲಿನದು ನನಗೆ ಗೊತ್ತಿರಲಿಲ್ಲ.
ಹೊರಗೆ ತೂಕಕ್ಕೆ ಬಂದ ಲಾರಿ ಕೂಗಿತು, ಅವಳು ಏಳಲಿಲ್ಲ.
ಪುಸ್ತಕ ತಂದು ಹಿಂದಿನ ಹಾಳೆ ತೆರೆದು ಬರೆದೆ:
ಬೆಳಕಿಗೆ ಇನ್ನೂ ಎರಡು ಗೇಣಿತ್ತು.

ಗೇಣು ಯಾರದು? ಕತೆಯಲ್ಲಿ ಯಾರೂ ಇಲ್ಲವಲ್ಲ.
ಅಲ್ಲೊಂದು ಕೆಂಪು ಗೀಟು ಬೀಳಬೇಕಿತ್ತು.
ಭುಜದ ಮೇಲಿಂದ ಬಗ್ಗಿ ಓದಿದಳು,
ಪೆನ್ನನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.
ಲಾರಿ ಮತ್ತೆ ಕೂಗಿತು.