ಏಳಕ್ಕೆ ಉಡಿದಾರ

ಪರದೆ ಇತ್ತ ತಿರುಗಿಸು, ರುಜ್ಜೇರೊ,
ನನ್ನ ಕನ್ನಡಕ ಹತ್ತಿರದ್ದಕ್ಕೆ ಮಾತ್ರ.
ಹರಾಜು ಮುಗಿಯಲು ಇನ್ನೆಷ್ಟು? ಒಂಬತ್ತು ನಿಮಿಷ.
ಸಾಕು. ಕಾಫಿ ಒಲೆಯ ಮೇಲಿಟ್ಟು ಬಂದಿದ್ದೇನೆ,
ಅದು ಉಕ್ಕುವುದರೊಳಗೆ ಹೇಳಿಬಿಡುತ್ತೇನೆ.

ಮೊದಲು ಕಥೆ ಬಿಡು. ‘ಅಜ್ಜ ತೀರಿಕೊಂಡ ಮೇಲೆ
ಮೇಜಿನ ಡ್ರಾಯರಿನಲ್ಲಿ ಸಿಕ್ಕಿತು’ ಅಂತ ಬರೆದಿದ್ದಾನೆ.
ಎಲ್ಲರ ಅಜ್ಜಂದಿರೂ ಹೀಗೇ ಸಾಯುತ್ತಾರೆ,
ಒಂದು ಡ್ರಾಯರು, ಅದರಲ್ಲೊಂದು ಬಂಗಾರದ ನಿಬ್ಬು.
ಪಕ್ಕದಲ್ಲಿ ಮುರಿದ ಬಾಚಣಿಗೆ ಇಲ್ಲ, ಕಿತ್ತ ಗುಂಡಿ ಇಲ್ಲ,
ಕಟ್ಟದೆ ಉಳಿದ ಒಂದು ಬಿಲ್ಲೂ ಇಲ್ಲ.

ಚಿತ್ರ ನೋಡು. ಆರು ಇವೆ. ಆರರಲ್ಲೂ ಮಖಮಲ್ಲಿನ ಮೇಲೆ
ಮದುಮಗನ ಹಾಗೆ ಮಲಗಿದೆ.
ನಿಬ್ಬು ತೋರಿಸಿದ್ದು ಒಂದರಲ್ಲಿ, ಅದೂ ಮಸುಕು.
ಬಂಗಾರ ಮಾರುವವನ ಕೈ ನಡುಗುವುದಿಲ್ಲ, ಮಗೂ.
ಕೇಳು ಅವನನ್ನು, ನಿಬ್ಬಿನ ಹೊಟ್ಟೆ ತೋರಿಸು ಅಂತ.
ಶಾಯಿ ಇಳಿಯುವ ಕಾಲುವೆ ಕೊಯ್ದದ್ದೋ, ಅಚ್ಚಿಗೆ ಹೊಯ್ದದ್ದೋ?
ಅಚ್ಚಿನದಾದರೆ ಉದ್ದಕ್ಕೂ ಒಂದು ಗೆರೆ, ಹೊಲಿಗೆ ಹಾಕಿದ ಹಾಗೆ.
ಸವೆತವೂ ಇದೆ ನೋಡು,
ಆದರೆ ಯಾವ ಬೆರಳೂ ತಾಗದ ಕಡೆ.

ಹೋದ ತಿಂಗಳು ಕೊಂಡೆಯಲ್ಲ, ಬಿಳಿ ಟೊಪ್ಪಿಗೆಯದು,
ಕಂಪನಿಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚಿತ್ತು.
ಬೆಳ್ಳಗಿದ್ದುದೆಲ್ಲ ಹಾಲು ಅಂದುಕೊಂಡೆ ನೀನು.
ನಿನ್ನ ಅಂಗಿಯ ಜೇಬು ಇನ್ನೂ ನೀಲಿ.

ಹಳೆಯ ಸೆಲ್ಯುಲಾಯ್ಡನ್ನು ಹೆಬ್ಬೆರಳಲ್ಲಿ ಉಜ್ಜಬೇಕು
ಬೆಚ್ಚಗಾಗುವ ತನಕ. ಆಮೇಲೆ ಮೂಗಿಗೆ ಹಿಡಿಯಬೇಕು.
ಕರ್ಪೂರ ಬರಬೇಕು.
ಬಾರದಿದ್ದರೆ ಬರಿಯ ಪ್ಲಾಸ್ಟಿಕ್ಕು. ಮೂಗೇ ನಮ್ಮ ಒರೆಗಲ್ಲು.
ನಿನ್ನ ಪರದೆಯನ್ನು ಎಷ್ಟು ಉಜ್ಜಿದರೂ (ಉಜ್ಜು, ನಗಬೇಡ)
ಕಿಟಕಿ ಒರೆಸುವ ಔಷಧಿಯ ವಾಸನೆ.

ಬೆಲೆ? ನಾನೂರ ಹತ್ತು ಯೂರೋ.
ಯಾರೋ ಇಬ್ಬರು ಜಿದ್ದಿಗೆ ಬಿದ್ದಿದ್ದಾರೆ. ಬೀಳಲಿ.
ಹರಾಜಿನಲ್ಲಿ ಗೆದ್ದವನು ಅಂದರೆ
ಎಲ್ಲರೂ ನಿಲ್ಲಿಸಿದ ಮೇಲೂ ನಿಲ್ಲಿಸದೆ ಉಳಿದವನು.

ಈಗ ಹಿಗ್ಗಿಸು. ಅಲ್ಲಲ್ಲ, ಒಡಲಿನ ಮೇಲೆ,
ಕೊರೆದ ಅಂಕಿಗಳಿವೆಯಲ್ಲ. ಇನ್ನೂ.
ಇನ್ನೂ.
ತಾಳು.

ಕಾರ್ಖಾನೆಯ ಏಳು ಬೆತ್ತಲೆ ಏಳು:
ಒಂದು ತಲೆ, ಒಂದು ಕಾಲು, ಮುಗಿಯಿತು.
ಇದರ ಸೊಂಟಕ್ಕೆ ಅಡ್ಡಗೆರೆ.
ಆ ಏಳಕ್ಕೆ ಉಡಿದಾರ ಕಟ್ಟಿದವಳು ನಾನು.

ಹತ್ತೊಂಬತ್ತು ವರ್ಷ ನನಗೆ. ಪೋ ನದಿಯಾಚೆ
ಬೇಕರಿಯ ಹಿಂದಿನ ಅಂಗಳದಲ್ಲಿ ಅಮೀಲ್ಕರೆಯ ಕೋಣೆ.
ಮೂರು ಸತ್ತ ಪೆನ್ನು ಬಿಚ್ಚಿ ಒಂದು ಬದುಕಿದ್ದು ಮಾಡುತ್ತಿದ್ದ.
ಮುಚ್ಚಳ ಒಂದರದು, ಒಡಲು ಇನ್ನೊಂದರದು,
ನಿಬ್ಬು ಎಲ್ಲಿಯದೋ, ಕೇಳಬಾರದು.
ಚಹಾದಲ್ಲಿ ಅದ್ದಿ, ಪೈಪಿನ ಬೂದಿ ತಿಕ್ಕಿ
ಮೂವತ್ತು ವರ್ಷ ವಯಸ್ಸು ಕೊಡುತ್ತಿದ್ದ, ಒಂದೇ ಮಧ್ಯಾಹ್ನದಲ್ಲಿ.
ಅಂಕಿ ಕೊರೆಯುವುದು ನನ್ನ ಪಾಲು. ಒಂದಕ್ಕೆ ಮುನ್ನೂರು ಲೀರಾ.
ಶಾಲೆಯಲ್ಲಿ ಕಲಿಸಿದ ಹಾಗೇ ಏಳು ಬರೆದೆ.
ಅವನು ಗಮನಿಸಲಿಲ್ಲ. ಕೊಂಡವರೂ ಗಮನಿಸಲಿಲ್ಲ,
ಟ್ಯೂರಿನ್ನಿನ ವಕೀಲರು, ನೋಟರಿಗಳು, ಒಬ್ಬ ಪಾದ್ರಿ.
ಸಂಜೆ ಮನೆಗೆ ಹೋದರೆ ಕೈಯೆಲ್ಲ ಘಮಘಮ.
ಉಣ್ಣೆಬಟ್ಟೆ ಅಂಗಡಿಗೆ ಸೇರಿದೆಯೇನೇ, ಅಮ್ಮ ಕೇಳುತ್ತಿದ್ದಳು.

ಹೌದು, ಇದನ್ನು ಉಜ್ಜಿದರೂ ಕರ್ಪೂರವೇ.
ಒಡಲು ಅಸಲಿಯದು ತಾನೆ. ನಾನು ಹೇಳಿದ ಪರೀಕ್ಷೆಯಲ್ಲಿ
ತಲೆಯೆತ್ತಿ ಪಾಸಾಗುತ್ತದೆ, ಕಳ್ಳ.

ಬೇಡ, ನೀನು ಕೂಗಬೇಡ. ಖೋಟಾ ಇದು,
ಸಾಕ್ಷಿಗೆ ನಾನೇ ಇದ್ದೇನೆ. ಎಷ್ಟಾಯಿತು?
ಐನೂರು. ಒಂದು ನಿಮಿಷ.
ಆ ಚೀಲ ತಾ, ಕಾರ್ಡು ಒಳಗಿನ ಜೇಬಿನಲ್ಲಿದೆ.
ಐನೂರ ಅರವತ್ತು ಹಾಕು.
ಏನು ಹಾಗೆ ನೋಡುತ್ತೀಯ?
ಕಾಫಿ ಉಕ್ಕುತ್ತಿದೆ, ಹೋಗಿ ಒಲೆ ಆರಿಸು.
ಎಲ್ಲಿ ಒತ್ತಬೇಕು,
ಇಲ್ಲೇನಾ?